ಹಿತ್ತಲಿಗೆ ಯಾವ ಕೋಳಿಗೂಡು? ಮಳೆಗಾಲದ ಲೆಕ್ಕ ಹಿಡಿದು ಒಂದು ಹೋಲಿಕೆ

ಒಂದು ಕೋಳಿಗೆ ಎಷ್ಟು ಜಾಗ ಬೇಕು ಎಂದು ಕೇಳಿದರೆ ಒಬ್ಬರು ಒಂದೂವರೆ ಚದರ ಅಡಿ ಅನ್ನುತ್ತಾರೆ, ಇನ್ನೊಬ್ಬರು ನಾಲ್ಕು ಅನ್ನುತ್ತಾರೆ, ಮತ್ತೊಬ್ಬರು ಹತ್ತು. ಮೂವರದ್ದೂ ಸರಿ. ಮೂವರೂ ಬೇರೆ ಬೇರೆ ಗೂಡಿನ ಮಾತಾಡುತ್ತಿರುತ್ತಾರೆ, ಅಷ್ಟೇ. ರಾತ್ರಿ ಮಲಗಲಿಕ್ಕೆ ಮಾತ್ರ ಒಳಗೆ ಬರುವ ಕೋಳಿಯ ಲೆಕ್ಕ ಬೇರೆ, ಹಗಲೂ ರಾತ್ರಿ ಒಳಗೇ ಇರುವ ಕೋಳಿಯ ಲೆಕ್ಕ ಬೇರೆ. ಅದಕ್ಕೇ ಗೂಡಿನ ಅಳತೆ ಹಾಕುವ ಮುಂಚೆ ಒಂದು ಪ್ರಶ್ನೆಗೆ ಉತ್ತರ ಸಿಗಬೇಕು: ವರ್ಷದ ಅತಿ ಕೆಟ್ಟ ವಾರದಲ್ಲಿ ನಿಮ್ಮ ಕೋಳಿಗಳು ದಿನಕ್ಕೆ ಎಷ್ಟು ತಾಸು ಒಳಗೆ ಇರಬೇಕಾಗುತ್ತದೆ?

ನಮ್ಮ ಕಡೆ ಆ ಕೆಟ್ಟ ವಾರ ಬರುವುದು ಮಳೆಗಾಲದಲ್ಲಿ. ಧಾರವಾಡ, ಕಲಘಟಗಿ, ಹಾನಗಲ್ಲಿನಲ್ಲಿ ಜುಲೈ ತಿಂಗಳ ಜಿಟಿಜಿಟಿ ಮಳೆ. ಗದಗ, ರೋಣ, ನರಗುಂದದಲ್ಲಿ ಸೆಪ್ಟೆಂಬರ್–ಅಕ್ಟೋಬರದ ದೊಡ್ಡ ಮಳೆ. ಮಳೆಯಷ್ಟೇ ಮುಖ್ಯವಾದದ್ದು ಕಾಲಡಿಯ ಮಣ್ಣು. ಮಸಾರಿ ನೆಲ, ಅಂದರೆ ಕೆಂಪು ಮಣ್ಣು, ಮಳೆ ನಿಂತ ಅರ್ಧ ದಿನಕ್ಕೆ ಕೋಳಿ ಬಿಡುವಷ್ಟು ಆರುತ್ತದೆ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆ ನೆಲ, ಅಂದರೆ ಕಪ್ಪು ಮಣ್ಣು, ಹಾಗಲ್ಲ. ನಾಲ್ಕೈದು ದಿನ ಕೋಳಿಯ ಕಾಲಿಗೆ ಮುದ್ದೆ ಮುದ್ದೆಯಾಗಿ ಹತ್ತುತ್ತದೆ, ಆ ಕೆಸರು ಗೂಡಿಗೆ ಬರುತ್ತದೆ, ಅಲ್ಲಿಂದ ತತ್ತಿ ಇಡುವ ಪೆಟ್ಟಿಗೆಗೂ ಹೋಗುತ್ತದೆ. ಎರೆ ನೆಲದಲ್ಲಿ ಬಯಲು ಅಂಗಳವನ್ನು ಮಳೆಗಾಲದ ಜಾಗದ ಲೆಕ್ಕದಿಂದ ಪೂರ್ತಿ ತೆಗೆದುಹಾಕಿ ಯೋಚಿಸಬೇಕು. ಬೇರೆ ಸೀಮೆಯವರು ಬರೆದ ಗೂಡಿನ ನಕ್ಷೆ ಇಲ್ಲಿ ಎಡವುವುದು ಇದೇ ಜಾಗದಲ್ಲಿ.

ಎಷ್ಟು ಕೋಳಿ, ಯಾವ ಕೋಳಿ

ಜವಾರಿ ಹೇಂಟೆ ವರ್ಷಕ್ಕೆ 60–70 ತತ್ತಿ ಕೊಟ್ಟರೆ ಚೆನ್ನಾಗಿ ಕೊಟ್ಟ ಹಾಗೆ. ಸ್ವರ್ಣಧಾರಾ ತರಹದ ಸುಧಾರಿತ ತಳಿ ಸರಿಯಾಗಿ ಮೇಯಿಸಿದರೆ 180ರ ಹತ್ತಿರ ಬರುತ್ತದೆ. ಅಂದರೆ ಆರು ಸ್ವರ್ಣಧಾರಾದಿಂದ ದಿನಕ್ಕೆ ಸರಾಸರಿ ಮೂರು ತತ್ತಿ, ಹನ್ನೆರಡು ಜವಾರಿಯಿಂದ ಎರಡು. ಬರೀ ಮನೆಯ ತತ್ತಿಗಾಗಿ ಸಾಕುವವರಿಗೆ, ಅದರಲ್ಲೂ ಹುಬ್ಬಳ್ಳಿಯ 30×40 ಸೈಟಿನ ಹಿಂದೆ ಉಳಿದ ತುಂಡು ಜಾಗದಲ್ಲಿ ಸಾಕುವವರಿಗೆ, ಆರು ಸುಧಾರಿತ ಹೇಂಟೆ ಸಾಕು. ತತ್ತಿ ಇಡಲು ಹುಂಜ ಬೇಕಿಲ್ಲ; ಮರಿ ಬೇಕಾದರೆ ಮಾತ್ರ ಬೇಕು. ಬೆಳಗಿನ ನಾಲ್ಕಕ್ಕೆ ಕೂಗುವ ಹುಂಜವನ್ನು ಪಕ್ಕದ ಮನೆಯವರು ಎಷ್ಟು ದಿನ ತಡೆದುಕೊಂಡಾರು ಎಂಬುದನ್ನೂ ನೋಡಿಕೊಳ್ಳಿ.

ತಳಿ ಬದಲಾದರೆ ಗೂಡೂ ಬದಲಾಗುತ್ತದೆ. ಗಿರಿರಾಜ ಭಾರದ ಕೋಳಿ, ಹುಂಜ ಮೂರು ಕಿಲೋ ದಾಟುತ್ತದೆ. ಎತ್ತರಕ್ಕೆ ಹಾರದು, ಎತ್ತರದಿಂದ ಧುಮುಕಿದರೆ ಅಂಗಾಲಿಗೆ ಪೆಟ್ಟಾಗಿ ಗಂಟು ಕಟ್ಟಿ ಕೀವಾಗುತ್ತದೆ. ಅದಕ್ಕೆ ಕೆಳಗೆ ಹೇಳುವ ಎಲ್ಲ ಅಳತೆಗೂ ಕಾಲು ಭಾಗ ಹೆಚ್ಚು ಸೇರಿಸಿ, ಕೂಡುವ ಗಳ ಮಾತ್ರ ತಗ್ಗಿಸಿ. ಜವಾರಿ ಇದಕ್ಕೆ ತಿರುವು ಮುರುವು: ಐದಡಿ ಬೇಲಿ ಅದಕ್ಕೆ ಲೆಕ್ಕಕ್ಕಿಲ್ಲ, ಗಳ ಎಷ್ಟು ಎತ್ತರವಿದ್ದರೂ ಏರುತ್ತದೆ.

ಜವಾರಿಯಲ್ಲಿ ಇನ್ನೊಂದು ಲೆಕ್ಕವಿದೆ. ಅದು ಕಾವಿಗೆ ಕೂಡುತ್ತದೆ. ಹತ್ತು ತತ್ತಿ ಇಟ್ಟು ಕೂಡಿಸಿದರೆ 21ನೇ ದಿನಕ್ಕೆ ಏಳೆಂಟು ಮರಿ. ಹನ್ನೆರಡು ಕೋಳಿಗೆ ಅಳೆದು ಕಟ್ಟಿದ ಗೂಡಿನಲ್ಲಿ ಆರು ತಿಂಗಳಿಗೆ ಇಪ್ಪತ್ತು ಇರುತ್ತವೆ. ಗೂಡು ಇಕ್ಕಟ್ಟಾಗುವುದು ಹೆಚ್ಚಾಗಿ ಹೀಗೇ. ಜವಾರಿ ಸಾಕುವವರು ಇಂದಿನ ಸಂಖ್ಯೆಗೆ ಅರ್ಧದಷ್ಟು ಸೇರಿಸಿ ಅಳತೆ ಹಾಕುವುದು ಒಳ್ಳೆಯದು.

ನಾಲ್ಕು ಬಗೆ, ನಾಲ್ಕು ಅಳತೆ

| ಬಗೆ | ಒಳಗೆ, ಒಂದು ಕೋಳಿಗೆ | ಹೊರಗೆ, ಒಂದು ಕೋಳಿಗೆ | 12 ಕೋಳಿಗೆ |
|---|---|---|---|
| ರಾತ್ರಿ ಗೂಡು, ಹಗಲು ಬಿಟ್ಟು ಸಾಕುವುದು | 1.5–2 ಚದರ ಅಡಿ | ಮಿತಿ ಇಲ್ಲ | 4×6 ಅಡಿ ಗೂಡು |
| ಗೂಡು + ಜಾಲರಿ ಅಂಗಳ | 3–4 ಚದರ ಅಡಿ | 8–10 ಚದರ ಅಡಿ | 6×8 ಗೂಡು, 10×12 ಅಂಗಳ |
| ಪೂರ್ತಿ ಒಳಗೆ, ಹಾಸಿನ ಮೇಲೆ | 5–6 ಚದರ ಅಡಿ | ಇಲ್ಲ | 6×10ರಿಂದ 6×12 |
| ಎತ್ತಿ ಸರಿಸುವ ಗೂಡು | 4–5 ಚದರ ಅಡಿ | ದಿನವೂ ಹೊಸ ನೆಲ | 4×8ರ ಎರಡು ಗೂಡು |

ರಾತ್ರಿ ಗೂಡು ಅಗ್ಗ, ಹಳ್ಳಿಯ ಹಿತ್ತಲಿಗೆ ಹೇಳಿ ಮಾಡಿಸಿದ್ದು. ಕಣದಲ್ಲಿ ಉದುರಿದ ಕಾಳು, ಹುಳ, ಸೊಪ್ಪು ತಿಂದು ಮೇವಿನ ಖರ್ಚೂ ಇಳಿಯುತ್ತದೆ. ಆದರೆ ಇದು ನಡೆಯುವುದು ಕೋಳಿ ಬೆಳಿಗ್ಗೆ ಆರೂವರೆಗೆ ಹೊರಬಿದ್ದು ಸಂಜೆ ಆರೂವರೆಗೆ ಒಳಬರುವ ಮನೆಯಲ್ಲಿ ಮಾತ್ರ. ಎಂಟು ದಿನ ಊರಿಗೆ ಹೋಗುವವರು, ಬೀದಿನಾಯಿ ಹೆಚ್ಚಿರುವ ಬಡಾವಣೆಯವರು ಇದನ್ನು ನಂಬಿ ಕೂತರೆ ಎರಡು ಚದರ ಅಡಿಯಲ್ಲಿ ಕೋಳಿಯನ್ನು ಇಡೀ ದಿನ ಕೂಡಿಹಾಕಬೇಕಾಗುತ್ತದೆ. ಮೂರನೇ ದಿನಕ್ಕೇ ಒಂದರ ಬಾಲದ ಗರಿ ಇನ್ನೊಂದು ಕಿತ್ತಿರುತ್ತದೆ. ರಕ್ತ ಕಂಡ ಮೇಲೆ ಉಳಿದವೂ ಅಲ್ಲೇ ಕುಕ್ಕುತ್ತವೆ. ಗಾಯವಾದದ್ದನ್ನು ಕೂಡಲೇ ಬೇರೆ ಇಡದಿದ್ದರೆ ಅದು ಉಳಿಯುವುದಿಲ್ಲ.

ಪೂರ್ತಿ ಒಳಗೆ ಸಾಕುವುದಕ್ಕೆ ಫಾರ್ಮಿನ ಲೆಕ್ಕ ಎರಡರಿಂದ ಎರಡೂವರೆ ಚದರ ಅಡಿ. ಅದನ್ನೇ ಹಿತ್ತಲಿಗೂ ಹೇಳುವವರಿದ್ದಾರೆ, ನಾವು ಒಪ್ಪುವುದಿಲ್ಲ. ಫಾರ್ಮಿನಲ್ಲಿ ಎಲ್ಲವೂ ಒಂದೇ ವಯಸ್ಸಿನವು, ಕೊಕ್ಕಿನ ತುದಿ ಕತ್ತರಿಸಿರುತ್ತಾರೆ, ಮೇವು ಅಳೆದು ತೂಗಿದ್ದು, ಬೆಳಕು ತಾಸಿನ ಲೆಕ್ಕದ್ದು. ಮನೆಯಲ್ಲಿ ಹಳೆಯ ಹೇಂಟೆ, ಹೊಸ ಪಡ್ಡೆ, ಒಂದು ಹುಂಜ ಎಲ್ಲ ಒಟ್ಟಿಗಿದ್ದು ಗೋವಿನಜೋಳವನ್ನೇ ಹೆಚ್ಚು ತಿನ್ನುತ್ತವೆ. ಪ್ರೋಟೀನ್ ಕಡಿಮೆ ಬಿದ್ದ ಕೋಳಿ ಪಕ್ಕದ ಕೋಳಿಯ ಗರಿ ತಿನ್ನಲು ತೊಡಗುತ್ತದೆ. ಬಲವಿಲ್ಲದ್ದು ತಪ್ಪಿಸಿಕೊಂಡು ಓಡಲು ಜಾಗ ಬೇಕು. ಅದಕ್ಕೇ ಐದು ಚದರ ಅಡಿಗಿಂತ ಕಡಿಮೆ ಬೇಡ ಎನ್ನುವುದು.

ಎತ್ತಿ ಸರಿಸುವ ಗೂಡು ಮಾವಿನ, ಚಿಕ್ಕು ತೋಟ ಇರುವವರಿಗೆ ಸರಿ. 4×8 ಅಡಿ ಚೌಕಟ್ಟು, ತಳವಿಲ್ಲ, ಸುತ್ತ ಜಾಲರಿ, ಒಂದು ತುದಿಗೆ ಮುಚ್ಚಿದ ಮಲಗುವ ಭಾಗ. ದಿನವೂ ಎಂಟಡಿ ಮುಂದೆ ಸರಿಸಿದರೆ ಕೋಳಿಗೆ ಹೊಸ ಹುಲ್ಲು, ಗಿಡಕ್ಕೆ ಗೊಬ್ಬರ. ಎರೆ ಹೊಲದಲ್ಲಿ ಮಾತ್ರ ಜೂನ್‌ನಿಂದ ಅಕ್ಟೋಬರ್‌ವರೆಗೆ ಅಲುಗುವುದಿಲ್ಲ, ಬೇಸಿಗೆಯಲ್ಲಿ ನೆಲ ಬಿರಿದು ಚೌಕಟ್ಟಿನ ಕೆಳಗೆ ಮುಂಗುಸಿ ನುಗ್ಗುವಷ್ಟು ಸಂದು ಬಿಡುತ್ತದೆ. ಸಮತಟ್ಟಾದ ಮಸಾರಿ ನೆಲವಿಲ್ಲದವರು ಇದನ್ನು ಮರೆಯಬಹುದು.

ಉಳಿದದ್ದು ಗೂಡು ಮತ್ತು ಜಾಲರಿ ಅಂಗಳ. ಊರೊಳಗಿನ ಮನೆಗಳಿಗೆ ಬಹುಪಾಲು ಇದೇ ಹೊಂದುತ್ತದೆ. ಇದನ್ನೇ ನೆಲಕ್ಕೆ ತಕ್ಕಂತೆ ಎರಡು ರೀತಿ ಕಟ್ಟಬೇಕು. ಮಸಾರಿ ನೆಲದಲ್ಲಿ 10×12 ಅಂಗಳವನ್ನು ಬಯಲಾಗಿಯೇ ಬಿಡಿ. ಮೇಲೆ ಬಲೆ ಇದ್ದರೆ ಸಾಕು. ಎರೆ ನೆಲದಲ್ಲಿ ಆ ಅಂಗಳದ ಅರ್ಧಕ್ಕಾದರೂ, ಅಂದರೆ 60 ಚದರ ಅಡಿಗೆ, ಮಾಡು (ಚಾವಣಿ) ಹಾಕಿ ಗರಸು (ಕಲ್ಲು ಬೆರೆತ ಒರಟು ಮಣ್ಣು) ತುಂಬಿ ಎತ್ತರಿಸಬೇಕು. ಆಗ ಮಳೆ ಹಿಡಿದ ವಾರದಲ್ಲೂ ಗೂಡಿನ 48, ಮಾಡಿನ ಕೆಳಗಿನ 60 ಸೇರಿ 108 ಚದರ ಅಡಿ ಒಣ ಜಾಗ ಸಿಗುತ್ತದೆ; ಕೋಳಿಗೆ ಒಂಬತ್ತು. ಮಾಡು ಇಲ್ಲದಿದ್ದರೆ ಉಳಿಯುವುದು ಗೂಡಿನ ನಾಲ್ಕೇ. ಕೈಯಲ್ಲಿರುವ ದುಡ್ಡಿಗೆ ಗೂಡು ದೊಡ್ಡದು ಮಾಡುವುದೋ ಅಂಗಳಕ್ಕೆ ಮಾಡು ಹಾಕುವುದೋ ಎಂದಾದರೆ ಎರೆ ಸೀಮೆಯಲ್ಲಿ ಮಾಡಿಗೇ ಹಾಕಿ.

ಯಾವ ಬಗೆಯನ್ನೇ ಆರಿಸಿದರೂ 3×3 ಅಡಿಯ ಒಂದು ಪ್ರತ್ಯೇಕ ಕೋಣೆ ಲೆಕ್ಕದ ಹೊರಗೆ ಇರಲಿ. ಗಾಯದ ಕೋಳಿ, ಕಾವಿಗೆ ಕೂತದ್ದು, ಸಂತೆಯಿಂದ ಹೊಸದಾಗಿ ತಂದದ್ದು ಎಲ್ಲಕ್ಕೂ ಅದೇ. ಸಂತೆಯ ಕೋಳಿಯನ್ನು ನೇರ ಹಿಂಡಿಗೆ ಬಿಡುವುದು ರಾಣಿಖೇತ ರೋಗವನ್ನು ಕರೆದು ತಂದ ಹಾಗೆ. ಎರಡು ವಾರವಾದರೂ ಬೇರೆ ಇರಬೇಕು, ಅದೂ ಗೂಡಿನಿಂದ ದೂರವಿದ್ದಷ್ಟು ಒಳ್ಳೆಯದು.

ದಿಕ್ಕು

ಗೂಡಿನ ಉದ್ದ ಪೂರ್ವ–ಪಶ್ಚಿಮವಾಗಿರಲಿ. ಬೆಳಗಿನ ಮತ್ತು ಇಳಿಹೊತ್ತಿನ ಓರೆ ಬಿಸಿಲು ಆಗ ಕಿರಿದಾದ ಗೋಡೆಗಳಿಗೆ ಮಾತ್ರ ಬೀಳುತ್ತದೆ. ಮೇ ಮೊದಲ ವಾರದ ಹೊತ್ತಿಗೆ ನಮ್ಮ ಕಡೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಆಗ ಕೋಳಿಯನ್ನು ಉಳಿಸುವುದು ಗೋಡೆಯಲ್ಲ, ಮಾಡು. ಮುಂಗಾರಿನ ಗಾಳಿ ಬರುವುದು ಪಶ್ಚಿಮ, ನೈಋತ್ಯದಿಂದ. ಹಾಗಾಗಿ ಪಶ್ಚಿಮದ ಗೋಡೆ ನೆಲದಿಂದ ಮಾಡಿನವರೆಗೆ ಪೂರ್ತಿ ಮುಚ್ಚಿರಲಿ. ದಕ್ಷಿಣ, ಉತ್ತರ ಎರಡೂ ಬದಿ ಒಂದೂವರೆ ಅಡಿ ಗೋಡೆ ಬಿಟ್ಟು ಮೇಲೆ ಪೂರ್ತಿ ಜಾಲರಿ. ದಕ್ಷಿಣಕ್ಕೆ ಗೋಣಿತಟ್ಟಿನ ಪರದೆ ಕಟ್ಟಿ, ಇರುಚಲು ಹೊಡೆದಾಗ ಇಳಿಸಿ, ನಿಂತಾಗ ಎತ್ತಿ. ಪರದೆಯನ್ನು ಮೇಲಿನ ಅಂಚಿನವರೆಗೆ ಮುಚ್ಚದೆ ಆರಿಂಚು ಸಂದು ಬಿಡಬೇಕು.

ಈ ಆರಿಂಚನ್ನು ಬಹಳ ಜನ ಮುಚ್ಚಿಬಿಡುತ್ತಾರೆ, ಕೋಳಿಗೆ ಚಳಿಯಾದೀತು ಎಂದು. ನಮ್ಮ ಚಳಿ ಕೋಳಿಯನ್ನು ಏನೂ ಮಾಡುವುದಿಲ್ಲ. ಹಿಕ್ಕೆಯಿಂದೇಳುವ ಅಮೋನಿಯಾ, ಉಸಿರಿನ ಹಸಿ ಎರಡೂ ಒಳಗೇ ಉಳಿದರೆ ಕಣ್ಣು ಊದುತ್ತದೆ, ಗೊರಗೊರ ಉಸಿರು ಶುರುವಾಗುತ್ತದೆ. ಬೆಳಿಗ್ಗೆ ಬಾಗಿಲು ತೆಗೆದಾಗ ನಿಮ್ಮ ಮೂಗಿಗೆ ಖಾರವಾಯಿತೆಂದರೆ ರಾತ್ರಿಯಿಡೀ ನೆಲಕ್ಕೆ ಇನ್ನೂ ಹತ್ತಿರ ಮಲಗಿದ್ದ ಕೋಳಿಗೆ ಅದಕ್ಕಿಂತ ಹೆಚ್ಚೇ ಆಗಿದೆ.

ನೆಲ: ಮಣ್ಣು, ಕಾಂಕ್ರೀಟ್, ಫರ್ಸಿ, ಎತ್ತರಿಸಿದ ಪಟ್ಟಿ

ಬರೀ ಮಣ್ಣಿನ ನೆಲ ಮಸಾರಿಯಲ್ಲಿ ನಡೆಯುತ್ತದೆ, ಹೆಗ್ಗಣದ ಕಾಟ ಇಲ್ಲದಿದ್ದರೆ. ಎರೆಯಲ್ಲಿ ಬೇಡವೇ ಬೇಡ; ಕೆಳಗಿನಿಂದ ಹಸಿ ಏರುತ್ತದೆ, ಬೇಸಿಗೆಯಲ್ಲಿ ಬಿರುಕಿನೊಳಗೆ ಇಲಿ ಮನೆ ಮಾಡುತ್ತದೆ.

ಎರಡು ಮೂರು ಇಂಚಿನ ತೆಳ್ಳನೆ ಕಾಂಕ್ರೀಟ್ ಎಲ್ಲರಿಗೂ ಮೊದಲು ಹೊಳೆಯುವುದು. ಎರೆಮಣ್ಣಿನ ಮೇಲೆ ಅದನ್ನು ನೇರ ಸುರಿದರೆ ಮೊದಲ ಬೇಸಿಗೆಗೇ ಸೀಳುತ್ತದೆ. ಈ ಮಣ್ಣು ನೀರು ಕುಡಿದು ಉಬ್ಬುತ್ತದೆ, ಆರಿ ಕುಗ್ಗುತ್ತದೆ. ತೆಳು ಹಲಗೆ ಅದರ ಜೊತೆ ಏರಿಳಿಯಲಾರದು. ಸೀಳಿನ ಕೆಳಗೆ ಹೆಗ್ಗಣ ಪೊಳ್ಳು ಕೊರೆದರೆ ತಿದ್ದುವುದೂ ಕಷ್ಟ.

ಶಹಾಬಾದ್ ಫರ್ಸಿ, ಅಂದರೆ ನೆಲಕ್ಕೆ ಹಾಸುವ ಚಪ್ಪಟೆ ಕಲ್ಲು, ಇಲ್ಲಿ ಸುಲಭವಾಗಿ ಸಿಗುತ್ತದೆ, ನಮ್ಮ ಒಲವೂ ಅದರ ಕಡೆಗೇ. ಒಂದು ಫರ್ಸಿ ತಗ್ಗಿದರೆ ಅದೊಂದನ್ನೇ ಎಬ್ಬಿಸಿ ಉಸುಕು ಹಾಕಿ ಮತ್ತೆ ಕೂಡಿಸಬಹುದು. 6×8 ಗೂಡಿಗೆ 2×2 ಅಡಿಯ 12 ಫರ್ಸಿ. ಕ್ರಮ ಹೀಗೆ: ಎರೆಮಣ್ಣನ್ನು ಒಂದೂವರೆ ಅಡಿ ಅಗೆದು ಹೊರಹಾಕಿ. ಗರಸನ್ನು ಆರಾರು ಇಂಚಿನ ಪದರವಾಗಿ ತುಂಬಿ, ಪ್ರತಿ ಪದರಕ್ಕೂ ನೀರು ಹೊಡೆದು ದಮ್ಮಸು ಮಾಡಿ. ಸುತ್ತಲಿನ ನೆಲಕ್ಕಿಂತ ಒಂದಡಿ ಮೇಲೆ ಬರುವವರೆಗೆ ಏರಿಸಿ. ಅಂಚಿಗೆ ಕಲ್ಲು ಅಥವಾ ಬ್ಲಾಕಿನ ಕಟ್ಟೆ. ಮೇಲೆ ಎರಡಿಂಚು ಉಸುಕು, ಅದರ ಮೇಲೆ ಫರ್ಸಿ, ಸಂದಿಗೆ ಸಿಮೆಂಟ್. ಬಾಗಿಲ ಕಡೆಗೆ ಒಂದಿಂಚು ಇಳಿಜಾರು ಇದ್ದರೆ ತೊಳೆದ ನೀರು ಹರಿಯುತ್ತದೆ. ತುಂಬಬೇಕಾದ ಗರಸು 120 ಘನ ಅಡಿ. ದಮ್ಮಸಿನಲ್ಲಿ ಕೂತು ಕಡಿಮೆಯಾಗುವುದರಿಂದ ಒಂದೂವರೆ ಬ್ರಾಸ್ (ಒಂದು ಬ್ರಾಸ್ ಅಂದರೆ 100 ಘನ ಅಡಿ) ತರಿಸಿ. ಮಸಾರಿ ನೆಲದಲ್ಲಿ ಇಷ್ಟು ಅಗೆಯುವ ಕೆಲಸವಿಲ್ಲ, ಮೇಲಿನ ಮಣ್ಣು ಕೆರೆದು ಒಂದಡಿ ಕಟ್ಟೆ ಏರಿಸಿದರೆ ಆಯಿತು.

ಎತ್ತರಿಸಿದ ಗೂಡು ಅಂದರೆ ಎರಡು ಮೂರು ಅಡಿ ಕಾಲಿನ ಮೇಲೆ ನಿಂತ ಕಟ್ಟಿಗೆಯ ಪೆಟ್ಟಿಗೆ, ತಳಕ್ಕೆ ಒಂದೂವರೆ ಇಂಚಿನ ಪಟ್ಟಿ, ನಡುವೆ ಒಂದಿಂಚು ಸಂದು. ಹಿಕ್ಕೆ ಕೆಳಗೆ ಬೀಳುತ್ತದೆ, ಗಾಳಿಯಾಡುತ್ತದೆ, ಬೇಸಿಗೆಯಲ್ಲಿ ಕೆಳಗಿನ ನೆರಳು ಕೋಳಿಗಳ ಕಟ್ಟೆಯಾಗುತ್ತದೆ. ಆರೆಂಟು ಜವಾರಿಯ ರಾತ್ರಿ ಗೂಡಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಪಟ್ಟಿಯ ಬದಲು ತಂತಿ ಜಾಲರಿಯನ್ನೇ ತಳ ಮಾಡಿದರೆ ಭಾರದ ಕೋಳಿಯ ಅಂಗಾಲು ಕೆಡುತ್ತದೆ. ಕೆಳಗೆ ಬಿದ್ದ ಹಿಕ್ಕೆಯನ್ನು ಮೂರು ನಾಲ್ಕು ದಿನಕ್ಕೊಮ್ಮೆ ಎಳೆಯಬೇಕು, ಮಳೆಗಾಲದಲ್ಲಿ ಬಿಟ್ಟರೆ ನೊಣದ ಹುಳ ತುಂಬುತ್ತದೆ. ಪ್ರತಿ ಕಾಲಿನ ಕೆಳಗೂ ಚಪ್ಪಟೆ ಕಲ್ಲಿಡಿ. ಎರೆಯಲ್ಲಿ ನೇರ ಊರಿದರೆ ಒಂದು ಕಾಲು ಕುಸಿದು ಗೂಡೇ ವಾಲುತ್ತದೆ.

ಫರ್ಸಿಯ ಮೇಲೆ ಹಾಸು ಬೇಕು, ನಾಲ್ಕಿಂಚು. 48 ಚದರ ಅಡಿಗೆ 16 ಘನ ಅಡಿ, ದೊಡ್ಡ ಚೀಲದಲ್ಲಿ ನಾಲ್ಕೈದು. ಗದಗ, ಲಕ್ಷ್ಮೇಶ್ವರದ ಕಡೆ ಶೇಂಗಾ ಸಿಪ್ಪೆ ಅಗ್ಗ. ಬೇಗ ಗಟ್ಟಿಯಾಗುವುದಿಲ್ಲ, ಆದರೆ ಹಸಿಯಾದರೆ ಬೂಷ್ಟು ಹಿಡಿಯುತ್ತದೆ, ಆ ಬೂಷ್ಟಿನ ವಿಷ ಕೋಳಿಯ ಯಕೃತ್ತಿಗೆ ತಾಗುತ್ತದೆ. ಎರಡು ದಿನ ಬಿಸಿಲಿಗೆ ಹರಡಿಯೇ ಒಳಗೆ ತನ್ನಿ. ಹಾನಗಲ್ ಕಡೆ ಭತ್ತದ ಹೊಟ್ಟು ಸಿಗುತ್ತದೆ, ಕಡಿಮೆ ಹೀರುತ್ತದೆ, ಆದರೂ ನಂಬಬಹುದು. ಬಡಗಿಯವರಲ್ಲಿ ರಂದಾ ಹೊಡೆದ ಸಿಪ್ಪೆ ಸಿಕ್ಕರೆ ಇವೆರಡಕ್ಕಿಂತ ಮೇಲು. ಸಾ ಮಿಲ್ಲಿನ ನುಣ್ಣನೆ ಪುಡಿ ಮಾತ್ರ ಬೇಡ, ಮರಿಗಳು ಅದನ್ನೇ ತಿಂದು ಹೊಟ್ಟೆ ಕಟ್ಟಿಕೊಳ್ಳುತ್ತವೆ. ವಾರಕ್ಕೊಮ್ಮೆ ಹಾಸನ್ನು ತಿರುವಿ. ಒಂದು ಹಿಡಿ ಹಿಂಡಿ ನೋಡಿದಾಗ ಉಂಡೆಯಾಗಿಯೇ ಉಳಿದರೆ ಹಸಿ ಹೆಚ್ಚಾಗಿದೆ. ಆ ಜಾಗದ್ದನ್ನು ತೆಗೆದು ಒಣ ಹಾಸು ಬೆರೆಸಬೇಕು. ಹೆಚ್ಚಾಗಿ ಅದು ನೀರಿನ ಪಾತ್ರೆಯ ಸುತ್ತ ಇರುತ್ತದೆ.

ಮಾಡು

ಪತ್ರಾಸ, ಅಂದರೆ ತಗಡಿನ ಶೀಟು, ಹಗುರ, ಬೇಗ ಮುಗಿಯುತ್ತದೆ, ಕಪಿಗಳಿಗೂ ಜಗ್ಗುವುದಿಲ್ಲ. ಬಿಸಿಲಿಗೆ ಮಾತ್ರ ಕೆಟ್ಟದ್ದು. ಏಪ್ರಿಲ್‌ನಲ್ಲಿ ಗದಗಿನ ಬಿಸಿಲಿಗೆ ತಗ್ಗು ಪತ್ರಾಸದ ಕೆಳಗೆ ಕೋಳಿ ಬಾಯಿ ತೆರೆದು ರೆಕ್ಕೆ ಅಗಲಿಸಿ ತೇಕುತ್ತದೆ, ತತ್ತಿಯ ಸಿಪ್ಪೆ ತೆಳುವಾಗುತ್ತದೆ, ಭಾರದ ಕೋಳಿ ಸತ್ತೂ ಹೋಗಬಹುದು. ಎತ್ತರ ಕೊಟ್ಟರೆ ಅರ್ಧ ಸಮಸ್ಯೆ ಕಳೆಯಿತು: ತಗ್ಗಿನ ದಕ್ಷಿಣ ಬದಿ ಆರೂವರೆ ಅಡಿ, ಉತ್ತರ ಬದಿ ಎಂಟು. ಇನ್ನರ್ಧಕ್ಕೆ ಮೇಲೆ ಸುಣ್ಣ ಬಳಿಯಿರಿ, ಪ್ರತಿ ಮಾರ್ಚ್‌ನಲ್ಲಿ. ಬೇಸಿಗೆ ಮೂರು ತಿಂಗಳು ಜೋಳದ ಕಣಿಕೆ ಹೊದಿಸುವುದೂ ಉಂಟು, ತಂಪಾಗುತ್ತದೆ. ಮುಂಗಾರಿಗೆ ಮುಂಚೆ ತೆಗೆಯದಿದ್ದರೆ ಇಲಿ, ಅದರ ಹಿಂದೆ ಹಾವು.

ಮಂಗಳೂರು ಹಂಚು ಎಲ್ಲಕ್ಕಿಂತ ತಂಪು. ಗಟ್ಟಿ ಕಟ್ಟಿಗೆ ಚೌಕಟ್ಟು ಬೇಕು, ಇಳಿಜಾರು ಹೆಚ್ಚು ಬೇಕು. ಧಾರವಾಡದಲ್ಲಿ ಮಂಗಗಳ ಹಾದಿಯಲ್ಲಿರುವ ಮನೆಗೆ ಹಂಚು ಹಾಕುವುದು ವರ್ಷವರ್ಷ ಹಂಚು ಕೊಳ್ಳುವ ಕರಾರಿಗೆ ಸಹಿ ಹಾಕಿದ ಹಾಗೆ. ಸಿಮೆಂಟ್ ಶೀಟು ಎರಡರ ನಡುವಿನದು. ತೆಂಗಿನ ಮರದ ಕೆಳಗೆ ಬೇಡ. ಹಳೆಯ ಕಲ್ನಾರು ಶೀಟು ಅಗ್ಗವಾಗಿ ಸಿಕ್ಕಿತೆಂದು ತಂದು ಕೊರೆಯಬೇಡಿ, ಆ ಧೂಳು ಪುಪ್ಪುಸಕ್ಕೆ ಅಪಾಯ.

ಚಾಚು, ಅಂದರೆ ಗೋಡೆಯಿಂದ ಹೊರಗೆ ಬರುವ ಮಾಡಿನ ಭಾಗ, ಎಲ್ಲ ಬದಿಗೂ ಎರಡಡಿ. 6×8 ಗೂಡಿಗೆ ಮಾಡು 10×12 ಆಗುತ್ತದೆ: ಮೂರೂವರೆ ಅಡಿ ಅಗಲ, ಹತ್ತಡಿ ಉದ್ದದ ಪತ್ರಾಸ ನಾಲ್ಕು, ಒಂದರ ಮೇಲೊಂದು ಆರಿಂಚು. ಎರಡಡಿ ಚಾಚಿನ ಕೆಳಗೆ ಗಾಳಿ ಹೊಕ್ಕು ಎತ್ತುತ್ತದೆ, ಅದಕ್ಕೆ ಅಂಚಿನ ಪ್ರತಿ ಉಬ್ಬಿಗೂ ಬೋಲ್ಟು ಹಾಕಿಸಿ, ನಾಲ್ಕು ಮೂಲೆಯನ್ನು ಕಂಬದ ಬುಡಕ್ಕೆ ತಂತಿಯಿಂದ ಬಿಗಿಯಿರಿ. ಕಂಬ ಆರು, ಎರಡೂವರೆ ಅಡಿ ಆಳ. ಗುಂಡಿಗೆ ತೆಗೆದ ಎರೆಮಣ್ಣನ್ನೇ ಮತ್ತೆ ತುಂಬಿದರೆ ಬೇಸಿಗೆಯಲ್ಲಿ ಕಂಬದ ಸುತ್ತ ಬೆರಳು ಹೋಗುವಷ್ಟು ಸಂದು ಬಿಟ್ಟು ಕಂಬ ಆಡುತ್ತದೆ. ಗರಸು ತುಂಬಿ ಕುಟ್ಟಿ.

ಜಾಲರಿ

ಅಂಗಡಿಯಲ್ಲಿ ಕೋಳಿ ಜಾಲರಿ ಎಂದು ಕೊಡುವ ಆರು ಮೂಲೆಯ ಕಣ್ಣಿನ ತೆಳ್ಳನೆ ಜಾಲರಿ ಕೋಳಿಯನ್ನು ಒಳಗಿಡುತ್ತದೆ, ನಾಯಿಯನ್ನು ಹೊರಗಿಡುವುದಿಲ್ಲ. ಬಲವಾದ ನಾಯಿ ಹಲ್ಲು ಹಾಕಿ ಎಳೆದರೆ ಹರಿಯುತ್ತದೆ, ಎರಡು ಮಳೆಗಾಲ ಕಂಡ ಮೇಲೆ ಬುಡದಲ್ಲಿ ತುಕ್ಕು. ಚೈನ್ ಲಿಂಕ್ ನಾಯಿಗೆ ಸೋಲದು; ಆದರೆ ಅದರ ಎರಡಿಂಚಿನ ಕಣ್ಣಿನಲ್ಲಿ ಹಾವು, ಇಲಿ, ಎಳೆ ಮುಂಗುಸಿ ತೂರುತ್ತವೆ, ಮರಿಗಳು ಹೊರಹೋಗುತ್ತವೆ. ಅರ್ಧ ಇಂಚಿನ ವೆಲ್ಡ್ ಮೆಶ್ ಎಲ್ಲವನ್ನೂ ತಡೆಯುತ್ತದೆ, ಬೆಲೆಯೂ ಹಾಗೇ.

ಮೂರನ್ನೂ ಬೆರೆಸಿ ದುಡ್ಡು ಉಳಿಸಬಹುದು. ಗೂಡಿಗೆ, ಅಂದರೆ ಕೋಳಿ ರಾತ್ರಿ ಮಲಗುವ ಭಾಗಕ್ಕೆ, ಎಲ್ಲ ಕಡೆ ಅರ್ಧ ಇಂಚಿನದೇ ಆಗಬೇಕು. ಇದರಲ್ಲಿ ರಾಜಿ ಬೇಡ. ಅಂಗಳಕ್ಕೆ ಬುಡದಲ್ಲಿ ಮಾತ್ರ ಅದು. ಮೂರಡಿ ಅಗಲದ ಸುರುಳಿಯನ್ನು ನಡುವೆ ಮಡಚಿ, ಒಂದೂವರೆ ಅಡಿ ನೆಟ್ಟಗೆ ಮೇಲಕ್ಕೆ, ಒಂದೂವರೆ ಅಡಿ ಹೊರಗಡೆಗೆ ನೆಲದ ಮೇಲೆ ಹಾಸಿ, ಹಾಸಿದ್ದರ ಮೇಲೆ ಎರಡಿಂಚು ಮಣ್ಣು, ಕಲ್ಲು. ಕೆರೆಯುವ ಪ್ರಾಣಿ ಬೇಲಿಯ ಬುಡದಲ್ಲೇ ಕೆರೆಯುತ್ತದೆ, ಅಲ್ಲಿ ಜಾಲರಿ ಸಿಕ್ಕಿದರೆ ಒಂದೂವರೆ ಅಡಿ ಹಿಂದೆ ಸರಿದು ಕೆರೆಯುವ ಬುದ್ಧಿ ಅದಕ್ಕೆ ಓಡುವುದಿಲ್ಲ. ಒಂದು ಬದಿ ಗೂಡಿಗೆ ಅಂಟಿದ 10×12 ಅಂಗಳಕ್ಕೆ ಇದು 36 ಅಡಿ ಬೇಕು, ಮೂಲೆಗಳಿಗೆ ಸೇರಿಸಿ 40 ತನ್ನಿ. ಅದರ ಮೇಲೆ ಆರಡಿಯವರೆಗೆ ಕೋಳಿ ಜಾಲರಿ, ನಾಯಿ ಕಾಟವಿದ್ದರೆ ಹೊರಗಿನಿಂದ ಚೈನ್ ಲಿಂಕ್. ನೆತ್ತಿಗೆ ಹಸಿರು ನೆರಳು ಬಲೆ ಹಾಕಿದರೆ ಹದ್ದು, ಕಾಗೆ ಎರಡೂ ತಪ್ಪುತ್ತವೆ, ಜವಾರಿ ಹಾರಿ ಹೋಗುವುದೂ ತಪ್ಪುತ್ತದೆ. ಬಾಗಿಲ ಹೊಸ್ತಿಲ ಕೆಳಗೆ ಒಂದು ಫರ್ಸಿ ಹೂಳಿ, ಎಲ್ಲರೂ ಮರೆಯುವ ಜಾಗ ಅದು.

ಗೂಡಿನ ಬಾಗಿಲು ಹೊರಕ್ಕೆ ತೆರೆಯಬೇಕು. ಒಳಕ್ಕೆ ತೆರೆಯುವ ಬಾಗಿಲಿಗೆ ಎರಡೇ ವಾರದಲ್ಲಿ ಹಾಸು ಅಡ್ಡ ಬರುತ್ತದೆ. ಹಾಸು ಚೆಲ್ಲದಂತೆ ಹೊಸ್ತಿಲಿಗೆ ಆರಿಂಚಿನ ಹಲಗೆ.

ಒಳಗಿನ ಹೊಂದಿಕೆ

ಕೂಡುವ ಗಳ ಕೋಳಿಗೆ 10 ಇಂಚು, ಹನ್ನೆರಡಕ್ಕೆ ಹತ್ತಡಿ. ಗೂಡಿನ ಪೂರ್ವ ತುದಿಯಲ್ಲಿ, ಇರುಚಲಿನಿಂದ ದೂರ, ಐದೂವರೆ ಅಡಿಯ ಎರಡು ಗಳ. ಗೋಡೆಯಿಂದ ಒಂದಡಿ, ಗಳದಿಂದ ಗಳಕ್ಕೆ ಹದಿನಾಲ್ಕು ಇಂಚು. ಎರಡೂ ಒಂದೇ ಎತ್ತರದಲ್ಲಿ. ಮೆಟ್ಟಿಲಿನಂತೆ ಏರಿಸಿದರೆ ಎಲ್ಲವೂ ಮೇಲಿನದಕ್ಕೇ ಜಗಳಾಡುತ್ತವೆ, ಕೆಳಗಿನವುಗಳ ಮೇಲೆ ಹಿಕ್ಕೆ. ಜವಾರಿಗೆ ನಾಲ್ಕಡಿ, ಗಿರಿರಾಜಕ್ಕೆ ಎರಡಡಿ ಎತ್ತರ. ಎರಡಿಂಚು ದಪ್ಪದ ಕಟ್ಟಿಗೆ, ಮೂಲೆ ಉಜ್ಜಿ ದುಂಡಗೆ ಮಾಡಿದ್ದು. ಕಬ್ಬಿಣದ ಪೈಪ್ ಜಾರುತ್ತದೆ. ಗಳವನ್ನು ಮೊಳೆ ಹೊಡೆದು ಕೂಡಿಸದೆ ಕಚ್ಚಿನಲ್ಲಿಡಿ. ಕೆಂಪು ಉಣ್ಣೆಗಳು ಹಗಲು ಅಡಗುವುದು ಗಳದ ತುದಿಯ ಸಂದಿಯಲ್ಲಿ, ತಿಂಗಳಿಗೊಮ್ಮೆ ತೆಗೆದು ಬಿಸಿಲಿಗಿಡಲು ಬರಬೇಕು.

ತತ್ತಿ ಇಡುವ ಪೆಟ್ಟಿಗೆ ನಾಲ್ಕು ಹೇಂಟೆಗೆ ಒಂದು, ಎಲ್ಲ ಬದಿಗೂ 12 ಇಂಚು, ಮುಂದೆ ನಾಲ್ಕಿಂಚಿನ ತಡೆ. ಗಳಕ್ಕಿಂತ ತಗ್ಗಿನಲ್ಲಿರಲಿ, ಇಲ್ಲವಾದರೆ ಅದರಲ್ಲೇ ಮಲಗಿ ಹೊಲಸು ಮಾಡುತ್ತವೆ. ಗಿರಿರಾಜದ ಎರಡಡಿ ಗಳಕ್ಕೆ ಪೆಟ್ಟಿಗೆ ನೆಲದಿಂದ ಒಂದಡಿಯಲ್ಲಿ, ಜವಾರಿಗೆ ಎರಡಡಿಯವರೆಗೂ ಸರಿ. ಗೋಡೆಯ ಹೊರಮೈಗೆ ಚಾಚಿ ಕಟ್ಟಿ ಮೇಲೆ ತೆರೆಯುವ ಮುಚ್ಚಳ ಇಟ್ಟರೆ ಒಳಗಿನ ಜಾಗವೂ ಉಳಿಯಿತು, ತತ್ತಿ ತೆಗೆಯಲು ಒಳಹೋಗುವುದೂ ತಪ್ಪಿತು.

ಮೇವಿನ ತೊಟ್ಟಿ ಕೋಳಿಗೆ ನಾಲ್ಕಿಂಚು ಅಂಚು ಸಿಗುವಷ್ಟು ಉದ್ದ, ಕೋಳಿಯ ಬೆನ್ನಿನ ಎತ್ತರಕ್ಕೆ ತೂಗುಹಾಕಿದ್ದು. ಹನ್ನೆರಡು ಕೋಳಿಗೆ ನೀರು ದಿನಕ್ಕೆ ಮೂರು ಲೀಟರ್, ಬೇಸಿಗೆಯಲ್ಲಿ ಆರು. ಸಾಧ್ಯವಿದ್ದರೆ ಪಾತ್ರೆ ಮಾಡಿನ ಕೆಳಗಿನ ಅಂಗಳದಲ್ಲಿರಲಿ, ಹಾಸು ಒಣಗಿರುತ್ತದೆ. ಅಲ್ಲೇ 2×2 ಅಡಿಯ ಒಂದು ಬುಟ್ಟಿಯಲ್ಲಿ ಒಣಮಣ್ಣು, ಒಲೆಯ ಬೂದಿ. ಮಳೆಗಾಲದಲ್ಲಿ ಮಣ್ಣು ಮೀಯಲು ಬೇರೆ ಜಾಗವಿಲ್ಲದ ಕೋಳಿಗೆ ಹೇನು ಹತ್ತುವುದು ಗ್ಯಾರಂಟಿ.

ಕೋಳಿ ತರುವ ಮುಂಚೆ

ಎರಡು ಪರೀಕ್ಷೆ ಮಾಡಿ. ನಡುಮಧ್ಯಾಹ್ನ ಒಳಗೆ ಹೋಗಿ, ಜಾಲರಿಯ ಬದಿಗೆ ಪರದೆ ಇಳಿಸಿ, ಬಾಗಿಲು ಹಾಕಿಕೊಂಡು ಮೊಣಕಾಲೂರಿ ಕೂತು ನೆಲದಂಚನ್ನು, ಮಾಡಿನ ಅಂಚನ್ನು ನೋಡಿ. ಹೆಬ್ಬೆರಳು ತೂರುವಷ್ಟು ಅಗಲದ ಬೆಳಕಿನ ಗೆರೆ ಎಲ್ಲಿ ಕಂಡರೂ ಅಲ್ಲಿಂದ ಇಲಿ ಬರುತ್ತದೆ. ಎರಡಿಂಚಿನದಾದರೆ ಮುಂಗುಸಿಯೇ ಬಂದೀತು. ಅದಾದ ಮೇಲೆ ಪಶ್ಚಿಮ ಮತ್ತು ದಕ್ಷಿಣದ ಕಡೆಯಿಂದ ನಾಲ್ಕಾರು ಕೊಡ ನೀರನ್ನು ಮಾಡಿನಂಚಿಗೂ ಪರದೆಗೂ ಜೋರಾಗಿ ಎರಚಿ, ಒಳಗೆ ಎಲ್ಲಿ ಹಸಿಯಾಯಿತು ಎಂದು ನೋಡಿ. ಗಳದ ಕೆಳಗೋ ಪೆಟ್ಟಿಗೆಯೊಳಗೋ ಹನಿ ಬಿದ್ದಿದ್ದರೆ ಚಾಚನ್ನು ಇನ್ನೊಂದಡಿ ಹೆಚ್ಚಿಸಿ. ಬಾಗಿಲ ಹತ್ತಿರ ಅಷ್ಟಿಷ್ಟು ಹಸಿಯಾದರೆ ಚಿಂತೆಯಿಲ್ಲ.